ಕ್ಯಾಂಟೀನಮ್ಮನಿಗೆ ಪೇಟ

ಆ ಕಾಲಕ್ಕೆ ಇಡೀ ಆಸ್ಟ್ರೇಲಿಯಾದಲ್ಲಿ ನಮಗೆ ಗೊತ್ತಿದ್ದ ಮೈಸೂರು ಪೇಟ ಒಂದೇ ಒಂದು. ಅದು ಮೆಲ್ಬರ್ನಿನಲ್ಲಿ, ನನ್ನ ಅಕ್ಕನ ಮನೆಯ ಕಪಾಟಿನಲ್ಲಿ, ಒಂದು ಕೇಕ್ ಡಬ್ಬಿಯೊಳಗೆ ನುಸಿಗುಳಿಗೆಗಳ ಜೊತೆ ವಾಸವಾಗಿತ್ತು. ಮೆಲ್ಬರ್ನಿನಲ್ಲಾಗಲಿ ಸಿಡ್ನಿಯಲ್ಲಾಗಲಿ ನಮ್ಮ ಪರಿಚಯದ ಕನ್ನಡಿಗರು ಯಾರಿಗೆ ಸನ್ಮಾನ ಮಾಡಿದರೂ ಅದೇ ಪೇಟ ಬಂದು, ಹತ್ತು ನಿಮಿಷ ತಲೆಯ ಮೇಲೆ ಕೂತು, ಫೋಟೋ ತೆಗೆಸಿಕೊಂಡು, ಮತ್ತೆ ಡಬ್ಬಿ ಸೇರುತ್ತಿತ್ತು. ಪೇಟವನ್ನು ಸನ್ಮಾನಿತರಿಗೆ ಕೊಟ್ಟು ಕಳಿಸುವ ಪದ್ಧತಿ ನಮ್ಮಲ್ಲಿರಲಿಲ್ಲ. ಒಮ್ಮೆ ಊರಿನಿಂದ ಬಂದಿದ್ದ ಸಂಗೀತಗಾರರೊಬ್ಬರು ಗೊತ್ತಿಲ್ಲದೆ ಅದನ್ನು ಹಾಕಿಕೊಂಡೇ ಕಾರು ಹತ್ತಿಬಿಟ್ಟಾಗ ನಮ್ಮ ಭಾವ ಹಿಂದೆಯೇ ಓಡಿಹೋಗಿ, ಸಿಗ್ನಲ್ಲಿನಲ್ಲಿ ಕಿಟಕಿ ತಟ್ಟಿ, ನಮಸ್ಕಾರ ಮಾಡಿ ಇಸಿದುಕೊಂಡು ಬಂದಿದ್ದರು.

ಆ ಪೇಟವನ್ನು ಒಂದು ಸಲ ನಾನೇ ಸಿಡ್ನಿಗೆ ತಂದೆ. ತಂದದ್ದು ನನ್ನ ಮಗಳ ಶಾಲೆಯ ಕ್ಯಾಂಟೀನು ನಡೆಸುತ್ತಿದ್ದ ಹೆಂಗಸಿಗಾಗಿ. ಎಲ್ಲ ಬಣ್ಣದ, ಎಲ್ಲ ಜನಾಂಗದ ಮಕ್ಕಳನ್ನೂ ಒಂದೇ ಕಣ್ಣಿನಿಂದ ನೋಡಿದರೆಂದು ಅವರಿಗೆ ಸನ್ಮಾನ. ಅದಕ್ಕೂ ಐದು ವರ್ಷ ಮೊದಲು ಅದೇ ಹೆಂಗಸಿನ ಮೇಲೆ, ಬಣ್ಣ ನೋಡಿ ಮಕ್ಕಳನ್ನು ಬೇರೆ ಕೂಡಿಸುತ್ತಾರೆಂದು, ಹೆಸರು ಹಾಕದೆ ದೂರು ಬರೆದವಳೂ ನಾನೇ. ಅದು ಅವರಿಗೆ ಗೊತ್ತಿಲ್ಲವೆಂದು ನಂಬಿಕೊಂಡಿದ್ದೆ.

ನಾವು ಸಿಡ್ನಿಯ ಹೊರವಲಯದ ಕೆಲ್ಲಿವಿಲ್‌ಗೆ ಬಂದದ್ದು ಈ ಶತಮಾನದ ಮೊದಮೊದಲ ವರ್ಷಗಳಲ್ಲಿ. ಆಗ ಅಲ್ಲಿ ಮನೆಗಳು ಹೊಸವು, ಗಿಡಗಳು ಮೊಣಕಾಲೆತ್ತರದವು, ರೈಲಂತೂ ಇರಲೇ ಇಲ್ಲ. ನನ್ನ ಗಂಡ ಬೆಳಗಾದರೆ ಕಾರು ಹತ್ತಿ ಚಾಟ್ಸ್‌ವುಡ್‌ನ ಆಫೀಸಿಗೆ ಹೋಗುತ್ತಿದ್ದರು. ಧಾರವಾಡದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನಾನು ಇಲ್ಲಿ ಕೆಲಸವಿಲ್ಲದೆ ಮನೆಯಲ್ಲಿದ್ದೆ. ಕೆಲಸವಿಲ್ಲದಾಗ ನನಗೆ ಸಿಟ್ಟು ಬೇಗ ಬರುತ್ತದೆ. ಕೆಲಸವಿದ್ದಾಗಲೂ ಬರುತ್ತದೆ, ಆದರೆ ಆಗ ಅದನ್ನು ಬರೆದು ಪೋಸ್ಟ್ ಮಾಡಲು ಪುರುಸೊತ್ತಿರುವುದಿಲ್ಲ.

ಮಗಳು ಮನೆ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸು. ಕ್ಯಾಂಟೀನಿನ ಊಟ ಬೇಕಾದರೆ ಒಂದು ಕಂದು ಕಾಗದದ ಚೀಲದ ಮೇಲೆ ಮಗುವಿನ ಹೆಸರು, ಕ್ಲಾಸು, ಏನು ಬೇಕು ಎಂದು ಬರೆದು ಬೆಳಿಗ್ಗೆ ಕ್ಲಾಸಿನ ಬುಟ್ಟಿಗೆ ಹಾಕಬೇಕು. ಮಧ್ಯಾಹ್ನ ಕ್ಯಾಂಟೀನಿನ ಮುಂದೆ ಸಾಲಿನಲ್ಲಿ ನಿಂತರೆ ಊಟ ಅದೇ ಚೀಲದಲ್ಲಿ ಸಿಗುತ್ತದೆ. ನಾನು ಆ ಚೀಲದ ನೆತ್ತಿಯ ಮೇಲೆ ಮೊದಲು ಒಂದು ಶ್ರೀ ಬರೆದು, ಆಮೇಲೆ ಮಗಳ ಹೆಸರು ಬರೆಯುತ್ತಿದ್ದೆ. ಭಕ್ತಿಯಿಂದಲ್ಲ, ರೂಢಿಯಿಂದ. ನಮ್ಮ ತವರುಮನೆಯಲ್ಲಿ ಕಿರಾಣಿ ಪಟ್ಟಿ ಕೂಡ ಶ್ರೀ ಇಲ್ಲದೆ ಶುರುವಾಗುತ್ತಿರಲಿಲ್ಲ. ಜೀರಿಗೆ, ಸಾಸಿವೆ, ಇಲಿ ಪಾಷಾಣ, ಎಲ್ಲದರ ತಲೆಯ ಮೇಲೂ ಶ್ರೀ.

ಮೊದಲ ವಾರವೇ ಚೀಲದ ಜೊತೆ ಒಂದು ಚೀಟಿಯನ್ನೂ ಕಳಿಸಿದ್ದೆ. ನನ್ನ ಮಗಳ ಆಹಾರವು ಮಾಂಸ, ಮೊಟ್ಟೆ ಹಾಗೂ ಅವುಗಳನ್ನು ಮುಟ್ಟಿದ ಯಾವುದೇ ಉಪಕರಣದ ಸಂಪರ್ಕಕ್ಕೆ ಬಾರದಂತೆ ನೋಡಿಕೊಳ್ಳತಕ್ಕದ್ದು ಎಂದು, ಕಚೇರಿಯ ಸುತ್ತೋಲೆಯ ಇಂಗ್ಲಿಷಿನಲ್ಲಿ. ಕಳಿಸಿದವಳು ಅದನ್ನು ಮರೆತೂ ಬಿಟ್ಟೆ.

ಮೂರು ವಾರ ಕಳೆದಿರಬೇಕು. ಮಗಳು ಟೋಪಿ ಮರೆತು ಹೋಗಿದ್ದಳು. ಅಲ್ಲಿನ ಶಾಲೆಗಳಲ್ಲಿ ಟೋಪಿ ಇಲ್ಲದ ಮಗುವಿಗೆ ಬಿಸಿಲಲ್ಲಿ ಆಟವಿಲ್ಲ. ಟೋಪಿ ಹಿಡಿದುಕೊಂಡು ಊಟದ ಹೊತ್ತಿಗೆ ಶಾಲೆಗೆ ಹೋದೆ. ಕ್ಯಾಂಟೀನಿನ ಮುಂದಿನ ಕಿಟಕಿಗೆ ಮಕ್ಕಳ ಉದ್ದ ಸಾಲು. ಪಕ್ಕದಲ್ಲಿ, ಕಸದ ಡಬ್ಬಿಗಳಿರುವ ಕಡೆಯ ಬಾಗಿಲಿಗೆ ಇನ್ನೊಂದು ಗಿಡ್ಡ ಸಾಲು. ಆ ಗಿಡ್ಡ ಸಾಲಿನಲ್ಲಿದ್ದ ಮಕ್ಕಳೆಲ್ಲ ನಮ್ಮವರು. ನಮ್ಮ ಬಣ್ಣ, ನಮ್ಮ ಎಣ್ಣೆ ಹಚ್ಚಿದ ತಲೆ, ನಡುವೆ ನನ್ನ ಮಗಳು. ಒಳಗೆ ಕೆಂಪು ತೋಳುಗಳ, ಬಿಳಿ ಏಪ್ರನ್ನಿನ ದಪ್ಪ ಹೆಂಗಸೊಬ್ಬರು ಇಕ್ಕಳದಿಂದ ಏನೋ ಎತ್ತಿ ಎತ್ತಿ ಚೀಲಗಳಿಗೆ ಹಾಕುತ್ತಿದ್ದರು.

ಪಂಕ್ತಿಭೇದ! ನೆತ್ತಿಗೆ ಬೆಂಕಿ ಬಿದ್ದ ಹಾಗಾಯಿತು. ಅಲ್ಲಿ ಯಾರನ್ನಾದರೂ ಒಂದು ಮಾತು ಕೇಳಬಹುದಿತ್ತು. ಕೇಳಿದ್ದರೆ ಸಿಟ್ಟು ಹೋಗಿಬಿಡುವ ಅಪಾಯವಿತ್ತು, ಆದ್ದರಿಂದ ಕೇಳಲಿಲ್ಲ. ಮನೆಗೆ ಬಂದು ಗಂಡನಿಗೆ ಫೋನು ಮಾಡಿದೆ.

"ಏನ್ರಿ, ನಮ್ಮ ಹುಡುಗಿನ್ನ ಕಸದ ಡಬ್ಬಿ ಕಡೆ ನಿಲ್ಲಿಸಿ ಊಟಾ ಕೊಡ್ತಾರ. ಹೆಡ್‌ಮಾಸ್ತರಿಗೆ ಪತ್ರ ಬರಿಯಾಕಿ ನಾ."

"ಬರಿ, ಬ್ಯಾಡನ್ನೂದಿಲ್ಲ," ಎಂದರು ಅವರು. "ಆದ್ರ ಹೆಸರು ಹಾಕಬ್ಯಾಡ. ಇನ್ನೂ ಪಿಆರ್ ಬಂದಿಲ್ಲ."

ಪಿಆರ್ ಎಂದರೆ ಆ ದೇಶದಲ್ಲಿ ಕಾಯಂ ಇರಲು ಸಿಗುವ ಪರವಾನಗಿ. ಹೆಸರು ಹಾಕಲಿಲ್ಲ. ಅಕ್ಷರದ ಗುರುತು ಸಿಗಬಾರದೆಂದು ಎಡಗೈಯಲ್ಲಿ ಬರೆಯಲು ನೋಡಿದೆ. ಎರಡೇ ಸಾಲಿಗೆ ಕೈ ಸೋತಿತು. ಆಮೇಲೆ ಹೊಸ ಹಾಳೆ ತೆಗೆದುಕೊಂಡು ಬಲಗೈಯಿಂದಲೇ, ಎಲ್ಲವನ್ನೂ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ, ಎರಡು ಪುಟ ಬರೆದೆ. ಮನುಷ್ಯರೆಲ್ಲ ಸಮಾನರೆಂಬ ತತ್ತ್ವವೇ ನಿಮ್ಮ ಕ್ಯಾಂಟೀನಿನ ಪಕ್ಕದ ಬಾಗಿಲಲ್ಲಿ ಸತ್ತು ಬಿದ್ದಿದೆ, ಇತ್ಯಾದಿ. ಕೊನೆಗೆ, ಒಬ್ಬ ನೊಂದ ತಾಯಿ. ಲಕೋಟೆಗೆ ನಮ್ಮ ಬಡಾವಣೆಯ ಅಂಚೆ ಮುದ್ರೆ ಬೀಳಬಾರದೆಂದು ತೊಗರಿಬೇಳೆ ತರುವ ನೆಪ ಮಾಡಿ ಹ್ಯಾರಿಸ್ ಪಾರ್ಕಿಗೆ ಹೋಗಿ, ಅಲ್ಲಿನ ಪೋಸ್ಟ್ ಡಬ್ಬಿಗೆ ಹಾಕಿ ಬಂದೆ. ಬೇಳೆ ತರುವುದನ್ನು ಮರೆತೆ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡಬೇಕು. ಪಂಕ್ತಿಭೇದವೆಂಬುದನ್ನು ನಾನು ಪುಸ್ತಕದಲ್ಲಿ ಓದಿ ತಿಳಿದವಳಲ್ಲ. ಚಿಕ್ಕವಳಿದ್ದಾಗ ಎಷ್ಟೋ ಊಟಗಳಲ್ಲಿ ಒಳಪಂಕ್ತಿಯಲ್ಲಿ ಕೂತು, ಹೋಳಿಗೆಗೆ ಎರಡನೇ ಸಲ ತುಪ್ಪ ಹಾಕಿಸಿಕೊಂಡು ಉಂಡವಳು. ಹೊರಗೆ ಬಿಸಿಲಲ್ಲಿ ಕಾಯುತ್ತಿದ್ದವರು ಕಿಟಕಿಯಲ್ಲಿ ಕಾಣುತ್ತಿದ್ದರು. ಅವತ್ತು ಯಾರಿಗೂ ನಾನು ಎರಡು ಪುಟದ ಪತ್ರ ಬರೆಯಲಿಲ್ಲ. ತುಪ್ಪ ಸಾಕು ಎಂದು ಕೂಡ ಹೇಳಲಿಲ್ಲ.

ಮುಂದಿನ ವಾರ ಮಗಳು ಮನೆಗೆ ಬಂದು ಬೂಟು ಬಿಚ್ಚುತ್ತಾ ಸುದ್ದಿ ಹೇಳಿದಳು.

"ವೆಜ್ ಡೋರ್ ಕ್ಲೋಸ್ ಆಯ್ತು, ಅಮ್ಮ. ಸಮ್‌ಬಡೀಸ್ ಮಮ್ ಕಂಪ್ಲೇನ್ಡ್."

"ವೆಜ್ ಡೋರ್ ಅಂದ್ರ ಏನಽ?"

"ದ ಸೈಡ್ ಡೋರ್! ವಿತ್ ದ ಗ್ರೀನ್ ಟಾಂಗ್ಸ್. ಕ್ಯಾಂಟೀನ್ ಲೇಡಿ ಮೇಡ್ ಇಟ್ ಬಿಕಾಸ್ ಯೂ ರೋಟ್ ದಟ್ ನೋಟ್."

ನಿಧಾನವಾಗಿ ವಿಷಯ ಹೊರಗೆ ಬಂತು. ನನ್ನ ಸುತ್ತೋಲೆ ಓದಿದ ಆ ಹೆಂಗಸು ಹೊಸ ಇಕ್ಕಳ ಕೊಂಡು, ಅದರ ಹಿಡಿಗೆ ಹಸಿರು ಟೇಪು ಸುತ್ತಿ, ಮಾಂಸ ತುಂಬಿದ ಪೈ ಬೇಯಿಸುವ ಓವನ್ನಿನಿಂದ ದೂರವಿರಲೆಂದು ಪಕ್ಕದ ಬಾಗಿಲ ಬಳಿ ಬೇರೆ ಮೇಜು ಹಾಕಿ, ಮಾಂಸ ತಿನ್ನದ ಮಕ್ಕಳಿಗೆಲ್ಲ ಅಲ್ಲಿಂದ ಕೊಡುತ್ತಿದ್ದರು. ಅಂದರೆ ಬೇರೆ ಮಾಡಿ ಎಂದು ಚೀಟಿ ಕಳಿಸಿದವಳೂ ನಾನೇ, ಬೇರೆ ಮಾಡಿದರೆಂದು ದೂರು ಕೊಟ್ಟವಳೂ ನಾನೇ. ಅವರನ್ನು ಆಫೀಸಿಗೆ ಕರೆಸಿ ವಿಚಾರಣೆ ಮಾಡಿದರಂತೆ. ಹೊರಗೆ ಬಂದಾಗ ಕಣ್ಣು ಕೆಂಪಗಿತ್ತಂತೆ. "ಈರುಳ್ಳಿ ಹೆಚ್ಚುತ್ತಿದ್ದರೇನೋ" ಎಂದು ನಾನು ಮಗಳಿಗೆ ಹೇಳಿದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ, ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅವತ್ತೇ ಹೋಗಿ ಕ್ಷಮೆ ಕೇಳಬೇಕಿತ್ತು. ಬದಲಿಗೆ ನಾನು ಕ್ಯಾಂಟೀನಿಗೆ ವಾಲಂಟಿಯರ್ ಆಗಿ ಹೆಸರು ಕೊಟ್ಟೆ. ಪ್ರತಿ ಗುರುವಾರ ಹೋಗಿ ಬ್ರೆಡ್ಡಿಗೆ ಬೆಣ್ಣೆ ಸವರುವುದೇ ಪ್ರಾಯಶ್ಚಿತ್ತ ಎಂದುಕೊಂಡೆ. ಮೊದಲ ಗುರುವಾರ ಅವರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಒಂದು ಏಪ್ರನ್ ಎಸೆದರು. ನಾನು ಮನಸ್ಸಿನಲ್ಲೇ ಅವರಿಗೆ ಕ್ಯಾಂಟೀನಮ್ಮ ಎಂದು ಹೆಸರಿಟ್ಟೆ. ಅವರ ಮಾತೆಲ್ಲ ಇಂಗ್ಲಿಷಿನದು, ಇಲ್ಲಿ ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಎರಡು ವಾರದಲ್ಲಿ ಪಕ್ಕದ ಬಾಗಿಲು ಮತ್ತೆ ತೆರೆಯಿತು. ಈ ಸಲ ಕಸದ ಡಬ್ಬಿಗಳು ಮಾಯವಾಗಿದ್ದವು. ಬಾಗಿಲಿಗೆ ಹಳದಿ ಬಣ್ಣ ಬಂದಿತ್ತು. ಮೇಲೆ ಒಂದು ಫಲಕ: ಇಲ್ಲಿ ಯಾರು ಬೇಕಾದರೂ ನಿಲ್ಲಬಹುದು. ಆ ಸಾಲು ಗಿಡ್ಡದೆಂದು ಗೊತ್ತಾದ ಕೂಡಲೇ ಶಾಲೆಯ ಅರ್ಧ ಮಕ್ಕಳು ಬಂದು ನಿಂತರು. ಹುಟ್ಟಿದಾಗಿನಿಂದ ಸಾಸೇಜ್ ತಿಂದು ಬೆಳೆದವರೆಲ್ಲ ದಿನಾ ಮಧ್ಯಾಹ್ನ ಇಪ್ಪತ್ತು ನಿಮಿಷದ ಮಟ್ಟಿಗೆ ಸಸ್ಯಾಹಾರಿಗಳಾದರು.

ಐದು ವರ್ಷ ಗುರುವಾರಗಳಂದು ಕ್ಯಾಂಟೀನಮ್ಮನನ್ನು ನೋಡುತ್ತಾ ಬಂದೆ. ಇಂಗ್ಲಿಷು ಬಾರದ ಹೊಸ ಮಕ್ಕಳು ಬಂದಾಗ ಅವರು ಪ್ರತಿ ತಿಂಡಿಯ ಫೋಟೋ ತೆಗೆದು ಕಿಟಕಿಯ ಕಟ್ಟೆಗೆ ಅಂಟಿಸಿದರು, ಮಕ್ಕಳು ಬೆರಳಿಟ್ಟು ತೋರಿಸಿದರೆ ಸಾಕು. ಊಟ ತಾರದ ಮಗುವನ್ನು ಕಂಡರೆ, "ಅಯ್ಯೋ, ತಪ್ಪಿ ಒಂದು ಸ್ಯಾಂಡ್‌ವಿಚ್ ಜಾಸ್ತಿ ಮಾಡಿಬಿಟ್ಟೆ, ಸ್ವಲ್ಪ ಖಾಲಿ ಮಾಡಿಕೊಡ್ತೀಯಾ" ಎಂದು ಬೇಡಿಕೊಳ್ಳುತ್ತಿದ್ದರು. ಅಷ್ಟು ತಪ್ಪು ಮಾಡುವ ಹೆಂಗಸನ್ನು ನಾನು ಬೇರೆ ಕಂಡಿಲ್ಲ.

ಒಮ್ಮೆ ನನ್ನ ಮಗಳ ಡಬ್ಬಿಯ ಪುಟಾಣಿ ಚಟ್ನಿಪುಡಿಗೆ ಪಕ್ಕದ ಹುಡುಗಿಯರು ಮೂಗು ಮುಚ್ಚಿಕೊಂಡರು. ಕ್ಯಾಂಟೀನಮ್ಮ ಬಂದು, ಅದೇನು ಎಂದು ಕೇಳಿ, ಎಲ್ಲರೆದುರು ಒಂದು ದೊಡ್ಡ ಚಮಚ ಪುಡಿಯನ್ನು ಹಾಗೇ ಬಾಯಿಗೆ ಹಾಕಿಕೊಂಡರು. ಮುಖ ಟೊಮೆಟೊ ಆಯಿತು. ಕಣ್ಣಲ್ಲಿ ನೀರು. ಎರಡು ಪ್ಯಾಕೆಟ್ ಹಾಲು ಕುಡಿದು, ಗೋಡೆ ಹಿಡಿದುಕೊಂಡು ನಿಂತು, "ಇಷ್ಟು ರುಚಿಯಾದ್ದನ್ನ ನಾನು ತಿಂದೇ ಇಲ್ಲ" ಎಂದು ಉಸಿರು ಬಿಟ್ಟರು. ಮರುವಾರ ಮೆನು ಬೋರ್ಡಿನಲ್ಲಿ ಬೆಣ್ಣೆ ಚಟ್ನಿಪುಡಿ ಸ್ಯಾಂಡ್‌ವಿಚ್ ಬಂತು. ಪುಡಿ ನಾನು ಮಾಡಿ ಕೊಡುತ್ತಿದ್ದೆ. ಖಾರ ಅರ್ಧಕ್ಕರ್ಧ ಇಳಿಸಿ.

ಯಾಕಿಷ್ಟು ಕಷ್ಟಪಡುತ್ತೀರಿ ಎಂದು ಒಮ್ಮೆ ಕೇಳಿದೆ. ಅವರ ಅಪ್ಪ ಅಮ್ಮ ಮಾಲ್ಟಾ ದ್ವೀಪದಿಂದ ಬಂದು, ಈ ಕಡೆಯೆಲ್ಲ ತೋಟಗಳಿದ್ದ ಕಾಲದಲ್ಲಿ ಕೋಳಿ ಸಾಕುತ್ತಿದ್ದವರು. "ನನ್ನ ಡಬ್ಬಿ ವಾಸನೆ ಅಂತ ನಗ್ತಿದ್ರು. ದಾರಿಯಲ್ಲೇ ನಾಯಿಗೆ ಹಾಕಿ ಹಸಿದುಕೊಂಡು ಶಾಲೆಗೆ ಹೋಗ್ತಿದ್ದೆ. ನಾಯಿ ಮಾತ್ರ ಚೆನ್ನಾಗಿ ದಪ್ಪ ಆಯ್ತು," ಎಂದು ನಕ್ಕು ಬೆಣ್ಣೆಯ ಡಬ್ಬಿ ನನ್ನ ಕಡೆ ತಳ್ಳಿದರು. ಇಂಥವರ ಮೇಲೆ ನಾನು ಎರಡು ಪುಟ ಬರೆದಿದ್ದೆ. ಪ್ರತಿ ಗುರುವಾರ ಹೇಳಿಬಿಡೋಣ ಎಂದುಕೊಂಡು ಹೋಗುತ್ತಿದ್ದೆ, ಹೇಳದೆ ಬರುತ್ತಿದ್ದೆ. ಆ ಊರಿನಲ್ಲಿ ನನಗೆ ಗೆಳತಿ ಎಂದರೆ ಅವರೊಬ್ಬರೇ. ಹೇಳಿದರೆ ಅವರೂ ಇಲ್ಲ.

ಮಗಳು ಆರನೇ ಕ್ಲಾಸಿಗೆ ಬಂದ ವರ್ಷ ಶಾಲೆಯಿಂದ ಒಂದು ಕಾಗದ ಬಂತು. ಹಾರ್ಮನಿ ಡೇ ದಿನ, ಅಂದರೆ ಮಕ್ಕಳೆಲ್ಲ ಕಿತ್ತಳೆ ಬಣ್ಣದ ಬಟ್ಟೆ ಹಾಕಿಕೊಂಡು ನಾವೆಲ್ಲ ಒಂದು ಎನ್ನುವ ದಿನ, ಜನಾಂಗಭೇದವಿಲ್ಲದೆ ಮಕ್ಕಳಿಗಾಗಿ ದುಡಿದ ಸಿಬ್ಬಂದಿಯೊಬ್ಬರನ್ನು ಪೋಷಕರು ತಮ್ಮ ರೀತಿಯಲ್ಲಿ ಗೌರವಿಸಬಹುದು, ಸಮಯ ಹದಿನೈದು ನಿಮಿಷ. ಶಾಲೆಯಲ್ಲಿ ಕನ್ನಡದ ಮನೆಗಳು ಆರು. ಎಲ್ಲರ ಬಾಯಲ್ಲೂ ಕ್ಯಾಂಟೀನಮ್ಮನ ಹೆಸರೇ. ಮುಂದಾಳತ್ವ ವಹಿಸಿದವರು ಉಡುಪಿಯ ಅಂಕಲ್. ಮೊಮ್ಮಗ ಅದೇ ಶಾಲೆಯಲ್ಲಿದ್ದ. ಬ್ಯಾಂಕಿನಿಂದ ರಿಟೈರಾದ ಇವರಿಗೆ ಸನ್ಮಾನ ಮಾಡುವುದೆಂದರೆ ಪ್ರಾಣ.

"ಒಂದು ಹೂಗುಚ್ಛ ಕೊಟ್ಟರ ಸಾಕಲ್ರಿ ಅಂಕಲ್?" ಎಂದೆ.

"ಎಂತ ಮಾರಾಯ್ರೆ ನೀವು! ಸನ್ಮಾನ ಅಂದ್ರೆ ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಸನ್ಮಾನಪತ್ರ, ಇಷ್ಟೂ ಬೇಕು. ಇಲ್ಲದಿದ್ರೆ ಅದು ಬರೀ ಥ್ಯಾಂಕ್ಯೂ ಆಗ್ತದೆ. ಪತ್ರ ನೀವೇ ಬರೀಬೇಕು. ಧಾರವಾಡದವರಲ್ವಾ?"

ಧಾರವಾಡದವರೆಂದರೆ ಹುಟ್ಟಿದಕೂಡಲೇ ಬರೆಯುತ್ತಾರೆಂದು ಕರಾವಳಿಯವರ ನಂಬಿಕೆ. ಎಂಥೆಂಥ ಪತ್ರಗಳನ್ನು ಬರೆಯುತ್ತೇವೆಂದು ಅವರಿಗೇನು ಗೊತ್ತು. ಪೇಟ ತರಲು ನಾನೇ ಮೆಲ್ಬರ್ನಿಗೆ ಹೋದೆ.

ಅಕ್ಕ ಕಪಾಟಿನಿಂದ ಕೇಕ್ ಡಬ್ಬಿ ಇಳಿಸುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ. ಐದು ವರ್ಷದ ಕಥೆಯನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ. ಅಕ್ಕ ಡಬ್ಬಿ ಹಿಡಿದುಕೊಂಡೇ ನೆಲದ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ಮುಗಿದ ಮೇಲೆ ಡಬ್ಬಿಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ಪೇಟಾ ಆಕಿ ತಲಿ ಮ್ಯಾಲೆ ಇಡೂಕಿಂತ ಮೊದಲ ಹೇಳಿಬಿಡ್ತೀನಿ ಅಂತ ಮಾತು ಕೊಡು. ಇಲ್ಲಾಂದ್ರ ನಾ ಪೇಟಾ ಕೊಡಾಕಿ ಅಲ್ಲ."

"ಅಕ್ಕಾ, ಆಕಿ ನನ್ನ ಜೋಡಿ ಮಾತು ಬಿಟ್ಟರ?"

"ಬಿಟ್ಟರ ಬಿಡ್ಲಿ. ಯಾರು ಬೈದಾರ ಅನ್ನೂದು ಗೊತ್ತಿಲ್ದನ ಸನ್ಮಾನಾ ಮಾಡಿಸ್ಕೊಳ್ಳೂದು, ಅದೆಂಥಾ ಸನ್ಮಾನ?"

ಮಾತು ಕೊಟ್ಟೆ. ಚೀಲದಲ್ಲಿಟ್ಟರೆ ಚಪ್ಪಟೆಯಾಗುತ್ತದೆ, ಡಬ್ಬಿ ವಿಮಾನದಲ್ಲಿ ಹಿಡಿಯುವುದಿಲ್ಲ, ತಲೆಯ ಮೇಲೆ ಹಾಕಿಕೊಂಡೇ ಹೋಗು ಎಂದಳು. ಹಾಗೇ ಹೋದೆ. ವಿಮಾನ ನಿಲ್ದಾಣದಲ್ಲಿ ಪೇಟವನ್ನು ಬಿಚ್ಚಿಸಿ, ಒಂದು ಟ್ರೇಯಲ್ಲಿಟ್ಟು ಎಕ್ಸ್‌ರೇ ಮಾಡಿದರು. ವಿಮಾನದಲ್ಲಿ ಪಕ್ಕದ ಮುದುಕರು ಜರಿಯನ್ನು ಬಹಳ ಹೊತ್ತು ನೋಡಿ, ಇವತ್ತು ನಿನ್ನ ಮದುವೆಯೇ ಎಂದು ಕೇಳಿದರು. ಅಲ್ಲ, ಕ್ಯಾಂಟೀನಿನದು ಎಂದೆ. ಅವರು ಪೇಪರು ಬಿಡಿಸಿ ಮುಖಕ್ಕೆ ಹಿಡಿದರು.

ಸನ್ಮಾನದ ಹಿಂದಿನ ಗುರುವಾರ, ಪದ್ಧತಿಯಂತೆ ಕುಂಕುಮದ ಬಟ್ಟಲು ಹಿಡಿದುಕೊಂಡು ಕ್ಯಾಂಟೀನಮ್ಮನನ್ನು ಕರೆಯಲು ಹೋದೆ. ಹಣೆಗೆ ಕುಂಕುಮ ಹಚ್ಚಿ, ಹಾಗೇ ಹೇಳಿಬಿಡುವುದೆಂದು ಲೆಕ್ಕಾಚಾರ. ಹಚ್ಚಿದೆ. "ನಿಮಗೊಂದು ಮಾತು" ಎನ್ನುವಷ್ಟರಲ್ಲಿ ಗಂಟೆ ಹೊಡೆಯಿತು. ಕ್ಯಾಂಟೀನಮ್ಮನ ಹಣೆಯ ಕೆಂಪು ಬೊಟ್ಟು ನೋಡಿ ಸಾಲಿನ ಮಕ್ಕಳೆಲ್ಲ ನನಗೂ ನನಗೂ ಎಂದರು. ಅವರು ಪೈ ಕೊಡುತ್ತಾ ಹೋದರು, ನಾನು ಪೈಗೊಂದು ಬೊಟ್ಟಿನಂತೆ ಇಡುತ್ತಾ ಹೋದೆ. ಬಟ್ಟಲು ಖಾಲಿಯಾಯಿತು, ಮಾತು ಹಾಗೇ ಉಳಿಯಿತು.

ಆ ದಿನ ಬಂತು. ಶಾಲೆಯ ಹಾಲಿನ ತುಂಬ ಕಿತ್ತಳೆ ಬಣ್ಣದ ಮಕ್ಕಳು. ವೇದಿಕೆಯ ಮೇಲೆ ಕುರ್ಚಿಯಲ್ಲಿ ಕ್ಯಾಂಟೀನಮ್ಮ, ಏಪ್ರನ್ ಬಿಚ್ಚಲು ಒಪ್ಪಿರಲಿಲ್ಲ. ಅಂಕಲ್ ಕೈಯಲ್ಲಿ ಕಾರ್ಯಕ್ರಮದ ಪಟ್ಟಿ: ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಪರಿಚಯ, ಸನ್ಮಾನ, ಪತ್ರವಾಚನ, ಅನಿಸಿಕೆ, ಅಧ್ಯಕ್ಷರ ಭಾಷಣ, ವಂದನಾರ್ಪಣೆ. ಅಂಕಲ್ ಅವರ ಪ್ರಾಸ್ತಾವಿಕ ನುಡಿಗೇ ಹದಿನೈದು ನಿಮಿಷ ಮುಗಿದಿತ್ತು. ಹೆಡ್‌ಮಾಸ್ತರು ಗಡಿಯಾರ ನೋಡುತ್ತಿದ್ದರು. ನಾನು ರೇಷ್ಮೆ ಸೀರೆಯಲ್ಲಿ ಬೆವರುತ್ತಾ ಪೇಟದ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಬೆಳಿಗ್ಗೆಯಿಂದ ಅವರು ಒಬ್ಬರೇ ಇದ್ದಾಗ ಹಿಡಿಯಲು ಆಗಿರಲಿಲ್ಲ. ನಾನು ಪತ್ರ ಓದುವ ಸರದಿ ಪೇಟದ ನಂತರ. ಅಷ್ಟು ಹೊತ್ತಿಗೆ ಅಕ್ಕನಿಗೆ ಕೊಟ್ಟ ಮಾತು ಮುರಿದಿರುತ್ತದೆ.

ಶಾಲು ಹೊದಿಸಿದ್ದಾಯಿತು. ಹಾರ ಹಾಕಿದ್ದಾಯಿತು. ಹೆಡ್‌ಮಾಸ್ತರು ಪೇಟಕ್ಕೆ ಕೈ ಚಾಚಿದರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಇದೂ ಒಂದು ಸಂಪ್ರದಾಯ ಇರಬೇಕೆಂದು ಅವರು ನಗುತ್ತಾ ಒಂದು ಹೆಜ್ಜೆ ಮುಂದೆ ಬಂದರು. ನಾನು ಇನ್ನೆರಡು ಹೆಜ್ಜೆ ಹಿಂದೆ ಹೋದೆ. ಅವರು ಎರಡು ಹೆಜ್ಜೆ ಮುಂದೆ. ಹೀಗೆ ಕುರ್ಚಿಯ ಸುತ್ತ ಪೂರ್ತಿ ಒಂದು ಪ್ರದಕ್ಷಿಣೆ ಆಯಿತು. ಮಕ್ಕಳು ಚಪ್ಪಾಳೆ ತಟ್ಟತೊಡಗಿದರು. ಎರಡನೇ ಸಾಲಿನಲ್ಲಿ ನನ್ನ ಮಗಳು ಮುಖವನ್ನು ಟೋಪಿಯಲ್ಲಿ ಮುಚ್ಚಿಕೊಂಡಳು.

"ಕೊಡಿ ಮಾರಾಯ್ರೆ, ಕೊಡಿ! ಎಂತ ಆಟ ಇದು?" ಎಂದು ಅಂಕಲ್ ಮೈಕಿನಲ್ಲೇ ಕೂಗಿದರು.

ಹಿಂದೆ ಹಿಂದೆ ಹೋಗಿ ನನ್ನ ಬೆನ್ನು ಮೈಕಿನ ಕಂಬಕ್ಕೆ ತಾಗಿತು. ಇನ್ನು ಓಡಲು ಜಾಗವಿರಲಿಲ್ಲ. ತಿರುಗಿ ಮೈಕಿನಲ್ಲಿ ಹೇಳಿಬಿಟ್ಟೆ: "ಐದು ವರ್ಷದ ಹಿಂದೆ ಪಕ್ಕದ ಬಾಗಿಲಿನ ಬಗ್ಗೆ ದೂರು ಬರೆದವಳು ನಾನು. ಬೇರೆ ಇಕ್ಕಳ ಬೇಕೆಂದು ಕೇಳಿದವಳೂ ನಾನು. ನಿಮ್ಮನ್ನು ಅಳಿಸಿದೆ. ನನ್ನನ್ನು ಕ್ಷಮಿಸಿ."

ಅಂಕಲ್ ಪಟ್ಟಿಯಲ್ಲಿ ಈ ಭಾಗ ಎಲ್ಲಿದೆ ಎಂದು ಹುಡುಕುತ್ತಿದ್ದರು. ನನ್ನ ಗಂಡ ಪಿಆರ್ ಬಂದು ನಾಲ್ಕು ವರ್ಷವಾಗಿದ್ದರೂ ಅಭ್ಯಾಸಬಲದಿಂದ ಬಾಗಿಲ ಕಡೆ ನೋಡಿದರು. ಕ್ಯಾಂಟೀನಮ್ಮ ಕುರ್ಚಿಯಲ್ಲಿ ಹಾರ ಸರಿಪಡಿಸಿಕೊಂಡು ಹೇಳಿದರು:

"ಗೊತ್ತು ಕಣಮ್ಮ. ಈಗ ಆ ಟೋಪಿ ಕೊಡ್ತೀಯಾ? ಓವನ್ನಿನಲ್ಲಿ ಪೈಗಳಿವೆ."

ಪೇಟ ಇಟ್ಟೆ. ಅಳತೆ ದೊಡ್ಡದಾಗಿ ಹುಬ್ಬಿನವರೆಗೆ ಇಳಿಯಿತು. ಅವರು ಒಂದು ಬೆರಳಿನಿಂದ ಅದನ್ನು ಮೇಲೆತ್ತಿ ಹಿಡಿದು ನನ್ನ ಸನ್ಮಾನಪತ್ರ ಕೇಳಿದರು. ನಾನು ಅಳುತ್ತಾ ಓದಿದ್ದರಿಂದ ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ಮಿಕ್ಕ ಭಾಷಣಗಳನ್ನು ಹೆಡ್‌ಮಾಸ್ತರು ರದ್ದು ಮಾಡಿದರು. ಅಂಕಲ್ ಇದಕ್ಕೆ ನನ್ನನ್ನು ಇವತ್ತಿಗೂ ಕ್ಷಮಿಸಿಲ್ಲ.

ಮುಗಿದ ಕೂಡಲೇ ಕ್ಯಾಂಟೀನಮ್ಮ ಶಾಲು, ಹಾರ, ಪೇಟ ಎಲ್ಲದರ ಸಮೇತ ನನ್ನ ಕೈ ಹಿಡಿದು ಕ್ಯಾಂಟೀನಿಗೆ ಎಳೆದುಕೊಂಡು ಹೋದರು. ಮೊದಲು ಪೈಗಳನ್ನು ಹೊರತೆಗೆದರು. ಆಮೇಲೆ ಹಸಿರು ಇಕ್ಕಳ ತೂಗುಹಾಕುವ ಮೊಳೆಯಿಂದ ಮೆನು ಬೋರ್ಡನ್ನು ಎತ್ತಿದರು. ಹಿಂದೆ, ಗೋಡೆಗೆ ನನ್ನ ಪತ್ರ ಅಂಟಿಸಿತ್ತು. ಎಣ್ಣೆಯ ಕಲೆಗಳಾಗಿದ್ದವು. ಐದು ವರ್ಷ ಪ್ರತಿ ಗುರುವಾರ ನಾನು ಅದಕ್ಕೆ ಒಂದು ಗೇಣು ದೂರದಲ್ಲಿ ನಿಂತು ಬೆಣ್ಣೆ ಸವರಿದ್ದೆ.

"ವಿಚಾರಣೆ ಮುಗಿದ ಮೇಲೆ ಆಫೀಸಿನವರೇ ಕೊಟ್ಟರು. ಎರಡು ದಿನ ತುಂಬ ಸಿಟ್ಟಿತ್ತು," ಎಂದರು. "ಮೂರನೇ ದಿನ ಹೊರಗೆ ಮೈದಾನದಲ್ಲಿ ನಿಂತು ಈ ಬಾಗಿಲು ನೋಡಿದೆ. ಕಸದ ಡಬ್ಬಿಗಳ ಪಕ್ಕ ಪಾಪ ಆ ಮಕ್ಕಳು. ಇಷ್ಟು ದಿನ ನಾನು ಒಳಗಿಂದ ಬರೀ ಇಕ್ಕಳ ನೋಡ್ತಿದ್ದೆ. ನೀನು ಬರೆದದ್ದು ತಪ್ಪು, ಆದರೆ ಕಂಡದ್ದು ಸರಿ. ಮರೀಬಾರದು ಅಂತ ಇಟ್ಟುಕೊಂಡೆ."

"ನಾನೇ ಅಂತ ಯಾವಾಗ ಗೊತ್ತಾಯಿತು?"

ಅವರು ಡ್ರಾಯರಿನಿಂದ ಒಂದು ಹಳೆಯ ಊಟದ ಚೀಲ ತೆಗೆದು ಪತ್ರದ ಪಕ್ಕ ಹಿಡಿದರು. ಚೀಲದ ನೆತ್ತಿಯ ಮೇಲೆ ನನ್ನ ಕೈಯ ಶ್ರೀ. ಪತ್ರದ ನೆತ್ತಿಯ ಮೇಲೆ, ಆ ದೊಡ್ಡಕ್ಷರಗಳ ಇಂಗ್ಲಿಷಿನ ಮೇಲೆ, ನಟ್ಟನಡುವೆ, ಅದೇ ಕೈಯ ಅದೇ ಶ್ರೀ. ದೊಡ್ಡಕ್ಷರ, ಹ್ಯಾರಿಸ್ ಪಾರ್ಕಿನ ಮುದ್ರೆ, ನೊಂದ ತಾಯಿ, ನನ್ನ ಉಪಾಯಗಳೆಲ್ಲ ನೀರಲ್ಲಿ ಹೋಮವಾಗಿದ್ದವು.

"ಶಾಲೆಯಲ್ಲಿ ಅಷ್ಟೊಂದು ಚೀಲ ಬರ್ತವೆ. ಬಸವನಹುಳು ಇರೋದು ನಿನ್ನ ಚೀಲದ ಮೇಲೆ ಮಾತ್ರ," ಎಂದರು.

"ಹಾಗಾದರೆ ಮೊದಲ ಗುರುವಾರ ನಾನು ಬಂದಾಗಲೇ..."

"ಗೊತ್ತಿತ್ತು. ಬೆಣ್ಣೆ ಸವರೋಕೆ ಜನ ಬೇಕಿತ್ತು." ಚೀಲವನ್ನು ಬೆಣ್ಣೆಯ ಡಬ್ಬಿಯ ಪಕ್ಕ ಇಟ್ಟು, "ನೀನಾಗಿ ಹೇಳ್ತೀಯ ಅಂತ ಕಾಯ್ತಿದ್ದೆ. ಇಷ್ಟು ವರ್ಷ ತಗೋತೀಯ ಅಂತ ಗೊತ್ತಿರಲಿಲ್ಲ," ಎಂದರು. ಆಮೇಲೆ ಆ ಗುರುತಿನ ಮೇಲೆ ಬೆರಳಿಟ್ಟರು. "ಇದೇನು? ಅವತ್ತಿಂದ ಕೇಳಬೇಕು ಅಂತಿದ್ದೆ."

"ಅದು ಶ್ರೀ. ಒಳ್ಳೆಯದಾಗಲಿ ಅಂತ. ನಮ್ಮಲ್ಲಿ ಏನು ಬರೆಯುವುದಿದ್ದರೂ ಮೊದಲು ಅದನ್ನು ಬರೆಯುತ್ತೇವೆ."

ಕ್ಯಾಂಟೀನಮ್ಮ ಪೇಟವನ್ನು ಬೆರಳಿನಿಂದ ಎತ್ತಿ ಹಿಡಿದು ಪತ್ರವನ್ನು ಮೇಲಿಂದ ಕೆಳಗೆ, ಎರಡೂ ಪುಟ ಮತ್ತೊಮ್ಮೆ ನೋಡಿದರು.

"ಅಂದ್ರೆ ಮೊದಲು ನನಗೆ ಒಳ್ಳೇದಾಗಲಿ ಅಂತ ಬರೆದು, ಅದರ ಕೆಳಗೆ ಎರಡು ಪುಟ ಬೈದಿದ್ದೀಯಾ?"

"ಹೌದು," ಎಂದೆ.

ಅವರು ನಗಲು ಶುರುಮಾಡಿದರು. ಕೆಂಪು ತೋಳು, ಏಪ್ರನ್, ಹಾರ, ಎಲ್ಲ ಕುಲುಕುವ ಹಾಗೆ ನಕ್ಕರು. ಪೇಟ ಜಾರಿ ತೆರೆದಿದ್ದ ಬೆಣ್ಣೆಯ ಡಬ್ಬಿಗೆ ಬಿತ್ತು. ನನಗೆ ನಗುವೂ ಅಳುವೂ ಒಟ್ಟಿಗೆ ಬಂದು ಮೂಗು ಒರೆಸಿಕೊಳ್ಳಲು ಏನೂ ಸಿಗದೆ ಅವರ ಸನ್ಮಾನದ ಶಾಲಿನ ಅಂಚನ್ನೇ ಬಳಸಿದೆ.

"ಸರಿ ಬಿಡು," ಎಂದರು ಕೊನೆಗೆ, ಹಳದಿ ಬಾಗಿಲ ಕಡೆ ನೋಡಿ. "ಒಳ್ಳೇದೇ ಆಯ್ತಲ್ಲ."

ಪೇಟದ ಬೆಣ್ಣೆ ಹೋಗಲಿಲ್ಲ. ಅಕ್ಕನಿಗೆ ಫೋನು ಮಾಡಿ ಹೇಳಿದಾಗ, "ಇರ್ಲಿ, ಆಕಿ ಕಡೇನ ಇರ್ಲಿ ಬಿಡು" ಎಂದಳು. ಹಾಗೆ ಆ ಪೇಟವನ್ನು ಮನೆಗೆ ಒಯ್ದ ಮೊದಲ ಸನ್ಮಾನಿತರು ಕ್ಯಾಂಟೀನಮ್ಮ.

ಮುಂದಿನ ಗುರುವಾರ ನಾನು ಹೋಗುವಷ್ಟರಲ್ಲಿ ಉಡುಪಿಯ ಅಂಕಲ್ ಮೊಮ್ಮಗನನ್ನು ಬಿಡಲು ಬಂದವರು ಕ್ಯಾಂಟೀನಿನ ಕಿಟಕಿಯ ಮುಂದೆ ನಿಂತುಬಿಟ್ಟಿದ್ದರು. ಎರಡು ಕೈ ಮುಗಿಯಲು ಅರ್ಧ ಎತ್ತಿ, ಹಾಗೇ ತಡೆದು ಹಿಡಿದಿದ್ದರು. ಏನಾಯಿತೆಂದು ನಾನೂ ಮೇಲೆ ನೋಡಿದೆ. ಮೆನು ಬೋರ್ಡಿನ ನೆತ್ತಿಯ ಮೇಲೆ, ಬಿಳಿ ಸೀಮೆಸುಣ್ಣದಲ್ಲಿ, ಸೊಟ್ಟ ಬಾಲದ ದೊಡ್ಡದೊಂದು ಶ್ರೀ. ಅದರ ಕೆಳಗೆ ಮೊದಲ ಸಾಲಿನಲ್ಲಿ ಮೀಟ್ ಪೈ.